ಗೊರಕೆ ಕೇಳಿಸಿದರೆ ಎಬ್ಬಿಸಿ

ವ್ಯಸನಮುಕ್ತಿ ಕೇಂದ್ರಗಳನ್ನು ನಡೆಸುವವರಿಗೆ, ಅವಕ್ಕೆ ಪರವಾನಗಿ ಕೊಡುವ ಅಧಿಕಾರಿಗಳಿಗೆ, ಜೈಲುಗಳ ಉಸ್ತುವಾರಿ ಹೊತ್ತವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ನನ್ನ ತಮ್ಮನನ್ನು ಕೇಂದ್ರದಿಂದ ಮನೆಗೆ ಕರೆತಂದ ದಿನ ನಮ್ಮ ಕೈಗೆ ಮೂರು ಕಾಗದ ಕೊಟ್ಟರು. ಒಂದು, ಹಣ ಸಂದಾಯವಾದ ರಸೀದಿ. ಇನ್ನೊಂದು, ಅಂಚಿಗೆಲ್ಲ ಹೂಬಳ್ಳಿ ಬಿಡಿಸಿದ ಪ್ರಮಾಣಪತ್ರ. ತೊಂಬತ್ತು ದಿನಗಳನ್ನು ಯಶಸ್ವಿಯಾಗಿ ಪೂರೈಸಿದ್ದಾರೆ ಎಂದು ಅವನ ಹೆಸರು ಬರೆದು ಮೊಹರು ಒತ್ತಿದ್ದರು. ಮೂರನೆಯದು ‘ಮನೆಯವರಿಗೆ ಸೂಚನೆಗಳು’. ಹಳೆಯ ಗೆಳೆಯರ ಸಹವಾಸ ಬಿಡಿಸಿ, ಕೈಗೆ ದುಡ್ಡು ಕೊಡಬೇಡಿ, ಜೇಬು ನೋಡುತ್ತಿರಿ, ಕೋಣೆಯ ಚಿಲಕ ತೆಗೆಸಿ, ಬೆಳಿಗ್ಗೆ ಬೇಗ ಏಳಿಸಿ, ಹೀಗೆ ಹನ್ನೊಂದು. ಹನ್ನೆರಡನೆಯದೊಂದು ಇರಬೇಕಿತ್ತು. ಅದು ಇರಲಿಲ್ಲವಲ್ಲ, ಅದಕ್ಕೇ ಈ ಪತ್ರ.

ಮನೆಗೆ ಬಂದ ಒಂಬತ್ತನೆಯ ರಾತ್ರಿ ಅವನ ಕೋಣೆಯಿಂದ ಗೊರಕೆ ಕೇಳಿಸಿತು. ಅವನು ಗೊರಕೆ ಹೊಡೆಯುವವನಲ್ಲ. ಭಾರವಾದ ಗೊರಕೆ, ಗಂಟಲಲ್ಲಿ ನೀರು ನಿಂತು ಗುಳುಗುಳು ಅಂದ ಹಾಗೆ. ನಡುನಡುವೆ ನಿಂತುಹೋಗುತ್ತಿತ್ತು, ಆಮೇಲೆ ಒಮ್ಮೆಲೇ ಜಗ್ಗಿದಂತೆ ಮತ್ತೆ ಶುರು. ನಾನು ಬಾಗಿಲ ತನಕ ಹೋದೆ. ಸೂಚನೆಯಂತೆ ಚಿಲಕ ತೆಗೆಸಿದ್ದೆವು, ತಳ್ಳಿದರೆ ಸಾಕಿತ್ತು. ಅಮ್ಮ ಹಿಂದಿನಿಂದ ಬಂದು ನನ್ನ ತೋಳು ಹಿಡಿದಳು. “ಎಬ್ಬಿಸಬೇಡ ಕಣೇ. ಇವನು ಹೀಗೆ ಮೈಮರೆತು ಮಲಗಿ ಎಷ್ಟು ವರ್ಷ ಆಯ್ತು” ಅಂದಳು. ನನಗೂ ಹಾಗೇ ಅನ್ನಿಸಿತು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಆ ಸದ್ದನ್ನು ಕೇಳಿದೆವು, ಸಮಾಧಾನದಿಂದ. ಆಮೇಲೆ ಹೋಗಿ ಮಲಗಿದೆವು.

ಅದು ನಿದ್ದೆಯ ಗೊರಕೆಯಲ್ಲ, ಉಸಿರಾಟ ಸೋಲುತ್ತಿರುವ ಸದ್ದು ಎಂದು ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ನಾಲಿಗೆ, ಗಂಟಲಿನ ಸ್ನಾಯುಗಳು ಸಡಿಲವಾಗಿ ಗಾಳಿಯ ದಾರಿ ಅರ್ಧ ಮುಚ್ಚಿಹೋದಾಗ ಹಾಗೆ ಕೇಳಿಸುತ್ತದಂತೆ. ಅದು ಗಂಟೆಗಟ್ಟಲೆ ನಡೆಯಬಹುದಂತೆ. ಗಂಟೆಗಟ್ಟಲೆ ಅಂದರೆ, ನಮಗೆ ಅಷ್ಟು ಸಮಯ ಇತ್ತು.

ವಾರ ಕಳೆದ ಮೇಲೆ ಅವನ ಹಳೆಯ ಗೆಳೆಯನೊಬ್ಬ ಬಂದ. ಬಾಗಿಲಲ್ಲೇ ನಿಂತು ಅತ್ತ. “ಅಕ್ಕ, ಆಣೆಗೂ ಜಾಸ್ತಿ ಕೊಟ್ಟಿಲ್ಲ. ಮೊದಲು ಎಷ್ಟು ತಗೊಳ್ತಿದ್ನೋ ಅಷ್ಟೇ” ಅಂದ. ಆ ಹುಡುಗನ ಮೇಲೆ ನನಗಿದ್ದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಆದರೆ ಅವನು ಸುಳ್ಳು ಹೇಳಲಿಲ್ಲ. ನನ್ನ ತಮ್ಮ ಸತ್ತದ್ದು ಜಾಸ್ತಿ ತೆಗೆದುಕೊಂಡದ್ದಕ್ಕಲ್ಲ. ಮೊದಲಿನಷ್ಟೇ ತೆಗೆದುಕೊಂಡದ್ದಕ್ಕೆ.

ಇದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮಲ್ಲಿ ಹಲವರಿಗೆ ಗೊತ್ತಿರುವ ವಿಷಯವೇ, ಆದರೆ ಮನೆಯವರಿಗೆ ಗೊತ್ತಿಲ್ಲ. ಹೆರಾಯಿನ್, ಮಾರ್ಫೀನ್, ಫೆಂಟನಿಲ್, ಕೆಲವು ಬಲವಾದ ನೋವಿನ ಮಾತ್ರೆ, ಇವೆಲ್ಲ ಒಪಿಯಾಯ್ಡ್ ಎಂಬ ಒಂದೇ ಕುಲದವು. ನೋವನ್ನು ಮುಚ್ಚುತ್ತವೆ, ಸುಖ ಕೊಡುತ್ತವೆ. ಅದರ ಜೊತೆಗೇ ಮಿದುಳಿನ ಬುಡದಲ್ಲಿ ಕೂತು ಉಸಿರಾಟವನ್ನು ನಡೆಸುವ ಭಾಗವನ್ನು ಮಂದ ಮಾಡುತ್ತವೆ. ದಿನಾ ತೆಗೆದುಕೊಳ್ಳುವವನ ಮೈ ಇದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಸಾಕಾಗುತ್ತಿದ್ದದ್ದು ಈಗ ಸಾಲದು, ಪ್ರಮಾಣ ಏರುತ್ತ ಹೋಗುತ್ತದೆ. ಹೊಸಬನನ್ನು ಕೊಲ್ಲುವಷ್ಟನ್ನು ಹಳಬ ತೆಗೆದುಕೊಂಡು ಎದ್ದು ಓಡಾಡುತ್ತಾನೆ. ಈ ತಾಳಿಕೆ ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ. ಮಾಲು ನಿಂತ ಕೆಲವೇ ದಿನಗಳಲ್ಲಿ ಅದು ಕರಗತೊಡಗುತ್ತದೆ. ತೊಂಬತ್ತು ದಿನ ಕಳೆದ ಮೇಲೆ ನನ್ನ ತಮ್ಮನ ಮೈ ಹೆಚ್ಚುಕಡಿಮೆ ಹೊಸಬನ ಮೈಯಾಗಿತ್ತು. ಕೈಗೆ ಮಾತ್ರ ಹಳೆಯ ಅಳತೆಯೇ ನೆನಪು. ಅವನ ಮೈಯನ್ನು ಹಾಗೆ ಮಾಡಿದ್ದು ಚಿಕಿತ್ಸೆ. ಚಿಕಿತ್ಸೆ ತಪ್ಪು ಅನ್ನುತ್ತಿಲ್ಲ ನಾನು. ಹಾಗೆ ಮಾಡಿ ಕಳಿಸುವಾಗ ಒಂದು ಮಾತು ಹೇಳಬೇಕಿತ್ತು ಅನ್ನುತ್ತಿದ್ದೇನೆ.

ಅವನು ಸತ್ತ ಮೇಲೆ ನಾನು ಓದತೊಡಗಿದೆ. ಕೋಟೆ ಕೊಳ್ಳೆಯಾದ ಮೇಲೆ ಬಾಗಿಲು ಹಾಕಿದ ಹಾಗೆ. 2003ರಲ್ಲಿ ಒಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಸಣ್ಣದೊಂದು ಅಧ್ಯಯನ ಬಂದಿತ್ತು. ಲಂಡನ್ನಿನಲ್ಲಿ ಒಳರೋಗಿಗಳಾಗಿ ಸೇರಿ ಹೆರಾಯಿನ್‌ನಂಥವನ್ನು ಬಿಡಲು ಹೊರಟಿದ್ದ 137 ಮಂದಿಯನ್ನು ವೈದ್ಯರು ಒಂದು ವರ್ಷ ಹಿಂಬಾಲಿಸಿ ನೋಡಿದ್ದರು. ನಾಲ್ಕು ತಿಂಗಳೊಳಗೆ ಮೂವರು ಓವರ್‌ಡೋಸ್‌ನಿಂದ ಸತ್ತಿದ್ದರು. ಅರ್ಧಕ್ಕೇ ಬಿಟ್ಟು ಓಡಿಹೋದವರಲ್ಲಿ ಇವರಿದ್ದರು ಅಂದುಕೊಳ್ಳುತ್ತೀರಾ? ಇಲ್ಲ. ಮೂವರೂ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದ್ದ 37 ಜನರ ಪೈಕಿಯವರು. ಕೈಲಾಗದವರು ಎಂದು ಬೈಸಿಕೊಂಡವರಲ್ಲಿ ಯಾರೂ ಓವರ್‌ಡೋಸ್‌ನಿಂದ ಸತ್ತಿರಲಿಲ್ಲ, ಗೆದ್ದವರು ಎಂದು ಚಪ್ಪಾಳೆ ತಟ್ಟಿಸಿಕೊಂಡವರಲ್ಲೇ ಮೂವರು ಹೋಗಿದ್ದರು. ಇದನ್ನು ಓದಿದ ರಾತ್ರಿ ನಾನು ಆ ಹೂಬಳ್ಳಿಯ ಪ್ರಮಾಣಪತ್ರವನ್ನು ಬೀರುವಿನಿಂದ ತೆಗೆದು ನೋಡಿದೆ. ಹರಿದುಹಾಕಬೇಕು ಅನ್ನಿಸಿತು. ಹರಿಯಲಿಲ್ಲ, ಅವನ ಹೆಸರಿದೆಯಲ್ಲ ಅದರಲ್ಲಿ.

ಜೈಲಿನ ಉಸ್ತುವಾರಿ ಹೊತ್ತವರೇ, ನಿಮ್ಮನ್ನು ಯಾಕೆ ಸೇರಿಸಿದೆ ಅನ್ನುವುದು ಇಲ್ಲಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಕೈದಿಗಳ ಲೆಕ್ಕ ತೆಗೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಓವರ್‌ಡೋಸ್‌ನಿಂದ ಸಾಯುವ ಸಂಭವ ಆ ರಾಜ್ಯದ ಉಳಿದ ಜನರಿಗೆ ಹೋಲಿಸಿದರೆ 129 ಪಟ್ಟು. ನೂರಾ ಇಪ್ಪತ್ತೊಂಬತ್ತು, ಅಚ್ಚಿನ ತಪ್ಪಲ್ಲ. ಗೋಡೆಯೊಳಗೆ ಮಾಲು ಸಿಗದೆಯೋ, ಸರಿಯಾಗಿ ಸಿಗದೆಯೋ ತಾಳಿಕೆ ಇಳಿದಿರುತ್ತದೆ. ಗೇಟು ತೆರೆಯುತ್ತದೆ. ಹೊರಗೆ ಹಳೆಯ ಗೆಳೆಯರು ಕಾಯುತ್ತಿರುತ್ತಾರೆ, ಸಂತೋಷಕ್ಕೆ.

ಇನ್ನೂ ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ನನ್ನ ತಮ್ಮ ಎಂದೂ ಮನೆಯೊಳಗೆ ತೆಗೆದುಕೊಂಡವನಲ್ಲ. ಎಷ್ಟೇ ಕೆಟ್ಟಿದ್ದರೂ ಅದೊಂದು ಮರ್ಯಾದೆ ಇಟ್ಟುಕೊಂಡಿದ್ದ. ಆ ರಾತ್ರಿ ಮೊದಲ ಸಲ ತನ್ನ ಕೋಣೆಯಲ್ಲಿ, ಒಬ್ಬನೇ, ಅವಸರದಲ್ಲಿ. 1982ರಲ್ಲಿ ಶೆಪರ್ಡ್ ಸೀಗಲ್ ಎಂಬ ಮನೋವಿಜ್ಞಾನಿ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಹೆರಾಯಿನ್‌ಗೆ ಒಗ್ಗಿಸಿದ ಇಲಿಗಳಿಗೆ ದೊಡ್ಡ ಪ್ರಮಾಣವೊಂದನ್ನು ಚುಚ್ಚಿದರು, ಕೆಲವಕ್ಕೆ ದಿನಾ ಚುಚ್ಚುತ್ತಿದ್ದ ಜಾಗದಲ್ಲೇ, ಕೆಲವಕ್ಕೆ ಬೇರೆ ಜಾಗದಲ್ಲಿ. ಪ್ರಮಾಣ ಒಂದೇ. ಗುರುತಿನ ಜಾಗದಲ್ಲಿ ಸತ್ತವು ಶೇ. 32ರಷ್ಟು, ಹೊಸ ಜಾಗದಲ್ಲಿ ಶೇ. 64. ದಿನವೂ ಅದೇ ಮೂಲೆ, ಅದೇ ವಾಸನೆ, ಅದೇ ಮುಖಗಳು ಕಂಡಕೂಡಲೇ ಮೈ ‘ಈಗ ಬರುತ್ತದೆ’ ಎಂದು ಮುಂಚೆಯೇ ಸೊಂಟ ಕಟ್ಟಿ ನಿಲ್ಲುತ್ತದಂತೆ. ಅಪರಿಚಿತ ಜಾಗದಲ್ಲಿ ಆ ಸಿದ್ಧತೆ ಇರುವುದಿಲ್ಲ. ಹಾಗಾದರೆ ಮನೆಯ ಮರ್ಯಾದೆ ಮುರಿದದ್ದೂ ಅವನನ್ನು ಕೊಂದಿತೇ? ಹೇಳಲು ಬರುವುದಿಲ್ಲ, ಇಲಿ ಬೇರೆ ತಮ್ಮ ಬೇರೆ. ಆದರೂ ಆ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ.

ಅವನು ಶುರು ಮಾಡಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಕೇಳುವವರ ಮುಖದಲ್ಲಿ ‘ನಮ್ಮ ಮನೆಯಲ್ಲಿ ಹೀಗಾಗುವುದಿಲ್ಲ’ ಎಂಬುದಕ್ಕೆ ಒಂದು ಕಾರಣ ಸಿಕ್ಕರೆ ಸಾಕು ಎಂಬ ಆಸೆ ಇರುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿಯಿತು. ನೋವಿನ ಮಾತ್ರೆ ಬರೆದುಕೊಟ್ಟರು. ಕಾಲು ಕೂಡಿತು, ಮಾತ್ರೆ ಬಿಡಲಿಲ್ಲ. ಮಾತ್ರೆ ಸಿಗದಾದಾಗ ಬೇರೆಯದು ಸಿಕ್ಕಿತು. ಇಷ್ಟೇ.

ಬಿಡಿಸಲು ನಾವೇ ಮನೆಯಲ್ಲಿ ಒಂದು ಸಲ ಪ್ರಯತ್ನಪಟ್ಟಿದ್ದೆವು. ಮೊದಲು ಆಕಳಿಕೆ, ನಿಲ್ಲದ ಆಕಳಿಕೆ. ಕಣ್ಣು ಮೂಗಲ್ಲಿ ನೀರು. ಎರಡನೆಯ ದಿನ ಬೆವರು, ಚಳಿ. ತೋಳಿನ ಮೇಲೆ ರೋಮವೆಲ್ಲ ನೆಟ್ಟಗೆ ನಿಂತು ಚರ್ಮ ಗರಗಸದ ಹಾಗೆ. ಭೇದಿ. ಕಾಲು ತಾನಾಗಿಯೇ ಒದೆಯುತ್ತಿತ್ತು. ಅಪ್ಪ ಮಂಚದ ತುದಿಯಲ್ಲಿ ಕೂತು ಆ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಒತ್ತಿದರು. ಅದಕ್ಕೂ ಮುಂಚೆ ಎರಡು ವರ್ಷ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದರು. ಹೆರಾಯಿನ್ ನಿಂತರೆ ಸಾಮಾನ್ಯವಾಗಿ ಸಾಯುವುದಿಲ್ಲ, ಸತ್ತರೆ ಸಾಕು ಅನ್ನಿಸುತ್ತದೆ. ಮದ್ಯ ಹಾಗಲ್ಲ, ನಿದ್ದೆಯ ಮಾತ್ರೆಯೂ ಹಾಗಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು, ದಿನವೂ ಆ ಮಾತ್ರೆ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು, ಸನ್ನಿ ಹಿಡಿದು ಪ್ರಾಣವೇ ಹೋಗಬಹುದು. ಡಾಕ್ಟರಿಲ್ಲದ ಕೇಂದ್ರಗಳಲ್ಲಿ ಎಲ್ಲರನ್ನೂ ಒಂದೇ ಕೋಣೆಗೆ ತಳ್ಳಿ ‘ನರಳಲಿ, ಬುದ್ಧಿ ಬರಲಿ’ ಎಂದು ಬಾಗಿಲು ಹಾಕುವವರಿಗೆ ಪರವಾನಗಿ ಕೊಡುವಾಗ ಅಧಿಕಾರಿಗಳು ಇದೊಂದನ್ನು ನೆನೆಯಬೇಕು.

ಆ ಸಲ ಅವನು ಐದನೆಯ ದಿನ ಓಡಿಹೋದ. ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಎಂದು ಅಪ್ಪ ತಲೆಮೇಲೆ ಕೈ ಹೊತ್ತು ಕೂತರು. ಇದನ್ನು ನಾವು ಅವನ ದುರ್ಬುದ್ಧಿ ಎಂದು ತಿಳಿದಿದ್ದೆವು. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಮಂದಿ ಮತ್ತೆ ಒಮ್ಮೆಯಾದರೂ ಮುಟ್ಟುತ್ತಾರೆ. ರಕ್ತದೊತ್ತಡ, ಅಸ್ತಮಾ ಇರುವವರು ಮಾತ್ರೆ ಪಥ್ಯ ತಪ್ಪಿಸಿ ಮತ್ತೆ ಕಾಯಿಲೆ ಬೀಳುವುದೂ ಸುಮಾರು ಅಷ್ಟೇ. ಬಿ.ಪಿ. ಏರಿ ಬಂದವರನ್ನು ನೀವು ‘ಮತ್ತೆ ಶುರು ಮಾಡಿದೆಯಾ’ ಎಂದು ಹೊರಗೆ ಹಾಕುವುದಿಲ್ಲವಲ್ಲ.

ಇನ್ನು ಔಷಧದ ಮಾತು. ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಎರಡಿವೆ, ಇವೂ ಒಪಿಯಾಯ್ಡ್ ಕುಲದವೇ, ಡಾಕ್ಟರು ಅಳತೆಯಲ್ಲಿ ಕೊಡುವಂಥವು. 1960ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಕೊಟ್ಟು ಹೆರಾಯಿನ್ ರೋಗಿಗಳನ್ನು ಕೆಲಸ, ಸಂಸಾರಕ್ಕೆ ಮರಳಿಸಿ ತೋರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಾನ್ಸಿನಲ್ಲಿ 1990ರ ದಶಕದ ಮಧ್ಯದಲ್ಲಿ ಸಾಮಾನ್ಯ ವೈದ್ಯರೇ ಬ್ಯುಪ್ರೆನಾರ್ಫಿನ್ ಬರೆದುಕೊಡಲು ಅವಕಾಶ ಮಾಡಿದ ಮೇಲೆ ನಾಲ್ಕೈದು ವರ್ಷದೊಳಗೆ ಓವರ್‌ಡೋಸ್ ಸಾವುಗಳು ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿದವು. ಇವು ತಾಳಿಕೆಯನ್ನು ಪೂರ್ತಿ ಕರಗಲು ಬಿಡುವುದಿಲ್ಲ, ಹಂಬಲವನ್ನೂ ಹತೋಟಿಯಲ್ಲಿಡುತ್ತವೆ. ನಾವು ಕೇಂದ್ರದಲ್ಲಿ ಇದರ ಬಗ್ಗೆ ಕೇಳಿದ್ದೆವು. “ಅಮ್ಮ, ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸೋದು ಬೇಡ, ನಮ್ಮದು ಶುದ್ಧ ಪದ್ಧತಿ” ಎಂದರು. ಶುದ್ಧ ಎಂಬ ಪದ ಕೇಳಿ ಅಮ್ಮನಿಗೆ ಸಮಾಧಾನವಾಯಿತು. ನನಗೂ ಆಯಿತು ಅನ್ನಿ, ಸುಳ್ಳು ಯಾಕೆ.

ಮತ್ತೊಂದು ಔಷಧ ನಲೋಕ್ಸೋನ್. ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1961ರಲ್ಲಿ, ಅಂದರೆ ನನಗಿಂತ, ತಮ್ಮನಿಗಿಂತ ಹಳೆಯದು. ಮಿದುಳಿನಲ್ಲಿ ಒಪಿಯಾಯ್ಡ್ ಕೂತ ಜಾಗದಿಂದ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಕೆಲವು ನಿಮಿಷದಲ್ಲಿ ಉಸಿರು ಮರಳುತ್ತದೆ. ನಶೆ ಕೊಡುವುದಿಲ್ಲ. ಒಪಿಯಾಯ್ಡ್ ತೆಗೆದುಕೊಂಡಿರದವನಿಗೆ ತಪ್ಪಿ ಕೊಟ್ಟರೂ ತೊಂದರೆಯಿಲ್ಲ. ಮೂಗಿಗೆ ಸಿಂಪಡಿಸುವ ಸ್ಪ್ರೇ ರೂಪದಲ್ಲೂ ಬರುತ್ತದೆ, ನಮ್ಮ ಅಮ್ಮನ ಕೈಗೆ ಕೊಟ್ಟಿದ್ದರೂ ಅವಳು ಹಾಕುತ್ತಿದ್ದಳು. ಅದರ ಶಕ್ತಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಆಮೇಲೆ ಉಸಿರು ಮತ್ತೆ ಕುಸಿಯಬಹುದು, ಆದ್ದರಿಂದ ಆಂಬುಲೆನ್ಸ್ ಕರೆಯಲೇಬೇಕು. ಓವರ್‌ಡೋಸನ್ನು ಕಣ್ಣಾರೆ ಕಾಣುವ ಸಂಭವ ಇರುವವರ ಕೈಗೆ ಇದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಹಾಗೆ ಕಾಣುವವರು ಯಾರು? ಡಾಕ್ಟರಲ್ಲ, ಪೊಲೀಸರಲ್ಲ. ಬಾಗಿಲ ಹೊರಗೆ ನಿಂತು ಗೊರಕೆ ಕೇಳಿಸಿಕೊಂಡ ನಾವು.

ಸ್ಕಾಟ್ಲೆಂಡ್ 2011ರಲ್ಲಿ ಇದನ್ನು ದೇಶದಾದ್ಯಂತದ ಕಾರ್ಯಕ್ರಮವಾಗಿ ಶುರು ಮಾಡಿತು; ಜೈಲಿನಿಂದ ಹೊರಡುವವರ ಕೈಗೂ ನಲೋಕ್ಸೋನ್ ಕಿಟ್ ಕೊಟ್ಟಿತು. ಅಲ್ಲಿ ಒಪಿಯಾಯ್ಡ್ ಸಾವುಗಳಲ್ಲಿ, ಜೈಲು ಬಿಟ್ಟ ನಾಲ್ಕು ವಾರದೊಳಗೆ ಆದವುಗಳ ಪಾಲು ಶೇ. 9.8 ಇದ್ದದ್ದು ನಂತರದ ಮೂರು ವರ್ಷಗಳಲ್ಲಿ ಶೇ. 6.3ಕ್ಕೆ ಇಳಿಯಿತು. ದೊಡ್ಡ ಪವಾಡವೇನಲ್ಲ. ಆ ವ್ಯತ್ಯಾಸದೊಳಗೆ ಎಷ್ಟು ಮನೆಗಳ ಮಕ್ಕಳಿದ್ದಾರೆ ಎಂದು ಎಣಿಸುವ ಚಪಲ ನನಗೆ.

ಹೀಗೆಲ್ಲ ಹೇಳಿಕೊಟ್ಟರೆ ಮತ್ತೆ ತೆಗೆದುಕೊಳ್ಳಲು ನಾವೇ ಅಪ್ಪಣೆ ಕೊಟ್ಟಂತಾಗುವುದಿಲ್ಲವೇ ಎಂದು ಕೇಂದ್ರದವರೊಬ್ಬರು ಕೇಳಿದರು. ಆ ಸೂಚನೆಗಳ ಕಾಗದವನ್ನು ಅವರ ಮುಂದೆ ಇಟ್ಟೆ. ದುಡ್ಡು ಕೊಡಬೇಡಿ, ಜೇಬು ನೋಡಿ, ಚಿಲಕ ತೆಗೆಸಿ, ಗೆಳೆಯರನ್ನು ಬಿಡಿಸಿ. ಹನ್ನೊಂದರಲ್ಲಿ ಆರು, ಅವನು ಮತ್ತೆ ಮುಟ್ಟಬಹುದು ಎಂಬ ಅನುಮಾನದಿಂದಲೇ ಬರೆದವು. ಮುಟ್ಟಬಹುದು ಎಂದು ನಿಮಗೆ ಗೊತ್ತಿತ್ತು. ಮುಟ್ಟದ ಹಾಗೆ ಕಾಯುವುದನ್ನು ಹೇಳಿದಿರಿ. ಮುಟ್ಟಿದರೆ ಉಳಿಸಿಕೊಳ್ಳುವುದನ್ನು ಹೇಳಲಿಲ್ಲ.

ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ ಮಾದಕ ವಸ್ತು ಬಳಸಿದವರು ಸುಮಾರು 29 ಕೋಟಿ 20 ಲಕ್ಷ. ಅದು ಕಾಯಿಲೆಯ ಮಟ್ಟಕ್ಕೆ ಹೋದವರು 6 ಕೋಟಿ 40 ಲಕ್ಷ. ಅವರಲ್ಲಿ ಚಿಕಿತ್ಸೆ ಸಿಕ್ಕಿದ್ದು 11 ಜನರಲ್ಲಿ ಒಬ್ಬರಿಗೆ. ನನ್ನ ತಮ್ಮ ಆ ಹನ್ನೊಂದರಲ್ಲಿ ಒಬ್ಬ, ಅದೃಷ್ಟವಂತ. ಎಲ್ಲ ಮಾದಕಗಳೂ ಒಂದೇ ದಾರಿಯಲ್ಲಿ ಕೊಲ್ಲುವುದಿಲ್ಲ ಎಂಬುದೂ ನನಗೆ ಗೊತ್ತು. ಕೊಕೇನ್, ಮೆತ್‌ನಂಥ ಉತ್ತೇಜಕಗಳು ಹೃದಯವನ್ನು ಹಿಡಿಯುತ್ತವೆ, ಮಕ್ಕಳು ಮೂಸುವ ಅಂಟು, ದ್ರಾವಣಗಳು ಮೊದಲ ಸಲವೇ ಎದೆಬಡಿತ ನಿಲ್ಲಿಸಬಹುದು, ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಅವುಗಳಿಗೆ ನಲೋಕ್ಸೋನ್ ನಾಟುವುದಿಲ್ಲ. ಅವುಗಳ ಬಗ್ಗೆ ಗೊತ್ತಿರುವವರು ಬರೆಯಲಿ. ನನಗೆ ಗೊತ್ತಿರುವುದು ಆ ಗೊರಕೆ.

ನಿಮ್ಮ ಸೂಚನೆಗಳ ಕಾಗದಕ್ಕೆ ಸೇರಿಸಬೇಕಾದ್ದನ್ನು ನಾನೇ ಬರೆದಿದ್ದೇನೆ, ಒಬ್ಬ ಡಾಕ್ಟರ ಹತ್ತಿರ ತೋರಿಸಿ ತಿದ್ದಿಸಿದ್ದೇನೆ. ಅಚ್ಚು ಹಾಕಿಸಿಕೊಳ್ಳಿ, ನನ್ನ ಹೆಸರು ಬೇಕಿಲ್ಲ:

“ನಿಮ್ಮವರ ಮೈ ಈಗ ಹೊಸಬರ ಮೈ. ಹಳೆಯ ಅಳತೆ ಇನ್ನು ಸಾವಿನ ಅಳತೆ. ಇದನ್ನು ಅವರಿಗೂ ಹೇಳಿದ್ದೇವೆ, ನೀವೂ ಹೇಳಿ. ಮೊದಲ ಕೆಲವು ವಾರ ಬಹಳ ಅಪಾಯದ ಕಾಲ. ಮದ್ಯವೋ ನಿದ್ದೆಯ ಮಾತ್ರೆಯೋ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಎಂದೂ ಇಲ್ಲದ ಗೊರಕೆ, ಗುಳುಗುಳು ಸದ್ದು, ನಿಂತು ನಿಂತು ಬರುವ ಉಸಿರು, ನೀಲಿಗೋ ಬೂದಿ ಬಣ್ಣಕ್ಕೋ ತಿರುಗಿದ ತುಟಿ ಉಗುರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಇವುಗಳಲ್ಲಿ ಯಾವುದು ಕಂಡರೂ ಹೆಸರು ಹಿಡಿದು ಕೂಗಿ, ಎದೆಯ ನಡುಮೂಳೆಯನ್ನು ಮುಷ್ಟಿಯಿಂದ ಉಜ್ಜಿ. ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ, ನಲೋಕ್ಸೋನ್ ಇದ್ದರೆ ಕೊಡಿ, ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಡಿ, ಉಸಿರಿದ್ದರೆ ಪಕ್ಕಕ್ಕೆ ಮಲಗಿಸಿ. ತಣ್ಣೀರು ಸುರಿಯಬೇಡಿ, ಉಪ್ಪುನೀರು ಕುಡಿಸಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಸುಮ್ಮನೆ ನಿದ್ದೆ ಮಾಡುತ್ತಿದ್ದರೆ ಎದ್ದು ನಿಮ್ಮನ್ನು ಬೈಯುತ್ತಾರೆ, ಬೈಸಿಕೊಳ್ಳಿ.”

ಕಾಗದ ಕೊಟ್ಟರೆ ಮುಗಿಯಿತು ಎಂದಲ್ಲ. ಕೂರಿಸಿ ಹೇಳಿ, ತಾಯಿಗೂ ಹೇಳಿ, ಅವಳು ಓದುವವಳಲ್ಲದಿರಬಹುದು. ಅಧಿಕಾರಿಗಳು ಇದನ್ನು ಪರವಾನಗಿಯ ಷರತ್ತು ಮಾಡಲಿ: ಒಪಿಯಾಯ್ಡ್ ಬಿಡಿಸಿ ಕಳಿಸುವ ಪ್ರತಿಯೊಬ್ಬರ ಜೊತೆಗೂ ಈ ಮಾತು, ಒಂದು ನಲೋಕ್ಸೋನ್, ಮುಂದುವರಿಸುವ ಔಷಧದ ಬಗ್ಗೆ ಡಾಕ್ಟರೊಬ್ಬರ ಜೊತೆ ಮಾತುಕತೆ. ಜೈಲಿನ ಗೇಟಿನಲ್ಲೂ ಇದೇ.

ಅವನು ಹೋಗಿ ಒಂದು ತಿಂಗಳಿಗೆ ಕೇಂದ್ರದಿಂದ ಫೋನ್ ಬಂತು, ಫಾಲೋ ಅಪ್ ಅಂತೆ. ಚಿಕ್ಕ ಹುಡುಗನ ದನಿ. “ಮೇಡಂ, ನಿಮ್ಮ ತಮ್ಮ ಹೇಗಿದ್ದಾರೆ?” ಎಂದ. ತೀರಿಕೊಂಡ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ, ಪುಟ ತಿರುವಿದ್ದು ಕೇಳಿಸಿತು. ಪಾಪ, ಅವನಿಗೂ ತುಂಬಬೇಕಾದ ಫಾರಂ ಇತ್ತು. “ಮೇಡಂ, ಬಿಟ್ಟಿದ್ದರಾ, ಇಲ್ಲ ಮತ್ತೆ ಶುರು ಮಾಡಿದ್ದರಾ?” ಎಂದು ಮೆಲ್ಲಗೆ ಕೇಳಿದ. ತೊಂಬತ್ತೆಂಟು ದಿನ ಬಿಟ್ಟಿದ್ದ, ಒಂದು ರಾತ್ರಿ ಮುಟ್ಟಿದ ಎಂದೆ. ಅದಕ್ಕೆ ಕಾಲಂ ಇದೆಯಾ ಎಂದು ಕೇಳಿದೆ.

ಇಲ್ಲ ಎಂದ.

ಇಂತಿ,
ಒಬ್ಬಳು ಅಕ್ಕ